ಅರವತ್ತಾರರ ಸ್ವರಾಭ್ಯಾಸ

ಈ ಪತ್ರಿಕೆಯ ಪುಟಗಳಲ್ಲಿ ನಾನು ಇದುವರೆಗೆ ಬರೆದುದೆಲ್ಲ ವಚನಗಳ ಪಾಠಾಂತರ, ಷಟ್‌ಸ್ಥಲದ ವಿವೇಚನೆ, ಹಳೆಯ ಪುರಾಣಗಳ ಛಂದಸ್ಸು ಇವುಗಳನ್ನು ಕುರಿತು. ಈ ಸಲ ಬರೆಯುತ್ತಿರುವುದು ನನ್ನ ಮನೆಯ ಪಡಸಾಲೆಯಲ್ಲಿ ನಡೆದ ಒಂದು ಸಣ್ಣ ಸಂಗತಿ. ಓದುಗರಲ್ಲಿ ಕೆಲವರಿಗೆ ಇದು ನಗೆ ತರಿಸಬಹುದು. ಕಟಕೋಳದಲ್ಲಿ ಈಗಾಗಲೇ ನಕ್ಕವರಿದ್ದಾರೆ. ಮಠದ ಅನ್ನವುಂಡು ಓದಿ ಬೆಳೆದ, ಶ್ರಾವಣ ಮಾಸದಲ್ಲಿ ಪುರಾಣ ಹೇಳುವ, ಅರವತ್ತಾರು ವರ್ಷದ ನಾನು ಮೊಬೈಲಿನಲ್ಲಿ ಬರುವ ವಿಡಿಯೊ ಪಾಠಗಳನ್ನು ನೋಡುತ್ತ, ಜಾಝ್ ಎಂಬ ಅಮೆರಿಕದ ಸಂಗೀತವನ್ನು ಪಿಯಾನೊ ಜಾತಿಯ ವಾದ್ಯದ ಮೇಲೆ ನುಡಿಸಲು ಕಲಿಯುತ್ತಿದ್ದೇನೆ.

ಇದಕ್ಕೆ ಕಾರಣ ನನ್ನ ಮಗ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿದ್ದಾನೆ. 2023ರ ದೀಪಾವಳಿಗೆ ಹೆಂಡತಿ ಮಕ್ಕಳೊಡನೆ ಬಂದಾಗ, ಮೊಮ್ಮಕ್ಕಳ ಆಟಕ್ಕೆಂದು ಅರವತ್ತೊಂದು ಮನೆಗಳ ಒಂದು ಕೀಬೋರ್ಡನ್ನು ತಂದಿದ್ದ. ನಡುರಾತ್ರಿಯಲ್ಲಿ ನೀರು ಕುಡಿಯಲೆಂದು ಎದ್ದು ಬಂದ ನಾನು ಪಡಸಾಲೆಯ ಬಾಗಿಲಲ್ಲಿಯೇ ನಿಂತೆ. ಸಣ್ಣ ದೀಪದ ಬೆಳಕಿನಲ್ಲಿ ಮಗ ಮಂಚದ ಮೇಲೆ ಕುಳಿತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆ ವಾದ್ಯವನ್ನು ನುಡಿಸುತ್ತಿದ್ದ. ನಾದವೆಲ್ಲ ಅವನ ಕಿವಿಯೊಳಗೆ. ನನಗೆ ಕೇಳಿಸಿದ್ದು ಮನೆಗಳ ಮೇಲೆ ಬೆರಳು ಬೀಳುವ ಟಪಟಪ ಸದ್ದು ಮಾತ್ರ. ಅವನ ಮುಖದಲ್ಲಿದ್ದ ಕಳೆಯನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಕಂಡಿರಲಿಲ್ಲ.

ಇಪ್ಪತ್ತೆರಡು ವರ್ಷದ ಲೆಕ್ಕವೇಕೆ ಎಂಬುದನ್ನು ಹೇಳಲೇಬೇಕು. 2001ರಲ್ಲಿ ಮಗ ಪಿ.ಯು.ಸಿ. ಓದುತ್ತಿದ್ದ. ಆಗ ನಮ್ಮ ಭಾಗದ ಜಾತ್ರೆ, ಗಣೇಶೋತ್ಸವಗಳಲ್ಲಿ ರಸಮಂಜರಿ ಕಾರ್ಯಕ್ರಮಗಳ ಭರಾಟೆ. ಅವನು ನನಗೆ ತಿಳಿಸದೆ ಆರ್ಕೆಸ್ಟ್ರಾದ ಹುಡುಗರ ಸಂಗಡ ಸೇರಿ ಕ್ಯಾಸಿಯೊ ನುಡಿಸುವುದನ್ನು ಕಲಿತಿದ್ದ; ಯಾರೋ ಬಳಸಿ ಬಿಟ್ಟ ಹಳೆಯ ಪೆಟ್ಟಿಗೆಯೊಂದನ್ನು ಅಗ್ಗಕ್ಕೆ ಕೊಂಡು ಅಟ್ಟದ ಮೇಲೆ ಅಡಗಿಸಿಟ್ಟಿದ್ದ. ಜಾತ್ರೆಯ ವೇದಿಕೆಯಲ್ಲಿ ಅವನನ್ನು ಕಂಡವರು ಬಂದು ನನಗೆ ಹೇಳಿದರು. ಪುರಾಣಿಕರ ಮಗ ಸಿನೆಮಾ ಹಾಡಿಗೆ ಪೆಟ್ಟಿಗೆ ಬಾರಿಸುತ್ತಾನೆಂಬ ಮಾತು ನನ್ನ ಅಭಿಮಾನಕ್ಕೆ ತಾಗಿತು. ಅಂದು ರಾತ್ರಿ ಅವನನ್ನು ಎದುರಿಗೆ ಕೂಡ್ರಿಸಿಕೊಂಡು, ಕಾಯಕವನ್ನು ಕುರಿತ ಶರಣರ ವಚನವೊಂದನ್ನು ಪದಪದಕ್ಕೆ ಬಿಡಿಸಿ ಅರ್ಥ ಹೇಳಿದೆ. ಮರುದಿನ ಆ ಪೆಟ್ಟಿಗೆಯನ್ನು ರಾಮದುರ್ಗಕ್ಕೆ ಹೊರಟವರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಿಬಿಟ್ಟೆ. ಹುಡುಗ ಅಳಲಿಲ್ಲ, ಎದುರು ಮಾತನಾಡಲಿಲ್ಲ. ಚೆನ್ನಾಗಿ ಓದಿದ, ಎಂಜಿನಿಯರಾದ. ನಾನು ನನ್ನ ಕರ್ತವ್ಯ ಮಾಡಿದೆನೆಂದೇ ತಿಳಿದಿದ್ದೆ. ಅನುಭಾವದ ಮಾತನ್ನು ಕೋಲನ್ನಾಗಿ ಹಿಡಿದು ಮಗನ ಬೆರಳ ಮೇಲೆ ಹೊಡೆದೆನೆಂಬುದು, ಆ ದೀಪಾವಳಿಯ ರಾತ್ರಿ ಬಾಗಿಲಲ್ಲಿ ನಿಂತಾಗ ನನಗೆ ತಿಳಿಯಿತು.

ಬೆಳಿಗ್ಗೆ ಚಹದ ಹೊತ್ತಿನಲ್ಲಿ, ರಾತ್ರಿ ನುಡಿಸಿದ್ದು ಏನೆಂದು ಕೇಳಿದೆ. "ಜಾಝ್ ಅಂತಾರಪಾ ಅದಕ್ಕ. ನಿಮಗ ಅದು ತಿಳಿಯಾಂಗಿಲ್ಲ ಬಿಡ್ರಿ" ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾಲ್ಕು ದಶಕ ಪರರಿಗೆ ಅರ್ಥ ಹೇಳುತ್ತ ಬಂದವನಿಗೆ, ತನ್ನ ಮಗನ ಸಂತೋಷದ ಅರ್ಥ ತನಗೆ ತಿಳಿಯದು ಎಂದು ಮಗನೇ ಸಹಜವಾಗಿ ನಂಬಿರುವುದು ಸಣ್ಣ ಮಾತಲ್ಲ. ಮನೆಯಲ್ಲಿ ಇನ್ನೂ ದೊಡ್ಡ ವಾದ್ಯವಿದೆಯೆಂದು ಅವರು ಕೀಬೋರ್ಡನ್ನು ಇಲ್ಲಿಯೇ ಬಿಟ್ಟು ಹೋದರು. ಎರಡು ವಾರ ಅದರ ಮೇಲೆ ಧೂಳು ಕೂತಿತು. ಆಮೇಲೆ ನಾನು ಕೂತೆ.

ಸಂಗೀತ ನನಗೆ ಪೂರ್ತಿ ಅಪರಿಚಿತವೇನಲ್ಲ. ಬಾಲ್ಯದಲ್ಲಿ ನಾನಿದ್ದ ಮಠದಲ್ಲಿ ಅಂಧರಾದ ಗವಾಯಿಗಳೊಬ್ಬರು ನಮಗೆ ಪ್ರಾರ್ಥನೆಯ ಪಾಠ ಹೇಳುತ್ತಿದ್ದರು. ನಲವತ್ತು ಹುಡುಗರು ಕೂಡಿ ಹಾಡುವಾಗ, ಹಿಂದಿನ ಸಾಲಿನಲ್ಲಿ ಬರಿಯ ತುಟಿ ಆಡಿಸುವವನು ಯಾರೆಂಬುದನ್ನು ಅವರು ಹೆಸರು ಹಿಡಿದು ಹೇಳಬಲ್ಲವರಾಗಿದ್ದರು. ಅನೇಕ ಸಲ ಆ ಹೆಸರು ನನ್ನದಾಗಿರುತ್ತಿತ್ತು. ಒಂದು ದಿನ ತಲೆಯ ಮೇಲೆ ಕೈಯಿಟ್ಟು, "ನಿನಗ ಕಂಠ ಇಲ್ಲ ತಮ್ಮಾ, ನೀ ವ್ಯಾಕರಣಕ್ಕ ಹೋಗು" ಎಂದರು. ಹೋದೆ. ಲಘುಸಿದ್ಧಾಂತಕೌಮುದಿಯನ್ನು ಬಾಯಿಪಾಠ ಮಾಡಿದೆ. ಅವರ ತೀರ್ಪು ಸರಿಯಾಗಿಯೇ ಇತ್ತು. ಅಷ್ಟು ಕೇಳಿಸಿಕೊಂಡು ಕೊಟ್ಟ ತೀರ್ಪಿನ ಮೇಲೆ ಮುನಿಸು ಹುಟ್ಟುವುದಿಲ್ಲ.

ಈಗಿನ ನನ್ನ ಗುರುಗಳ ಮಾತು ಬೇರೆ. ಮಗನಿಗೆ ಫೋನು ಮಾಡಿ, ತೀರ ಮೊದಲಿನಿಂದ ಕಲಿಯುವವರಿಗೆ ಪಾಠಗಳಿವೆಯೇ ಎಂದು ಕೇಳಿದೆ. ಮೊಮ್ಮಗನಿಗೆಂದು ತಿಳಿದನೋ ಏನೋ, ಮರುಮಾತಿಲ್ಲದೆ ಯೂಟ್ಯೂಬಿನ ಒಂದು ಪಾಠಮಾಲೆಯನ್ನು ಕಳಿಸಿಕೊಟ್ಟ. ಕಲಿಸುವವರು ಅಮೆರಿಕದ ಒಬ್ಬ ವೃದ್ಧರು. ಮಾತು ಕಡಿಮೆ, ಬೆರಳು ಹೆಚ್ಚು. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತದೆ, ಬೆರಳು ಪೂರ್ತಿ ಕಾಣುತ್ತವೆ. ಕಿಟ್ಟೆಲರ 1894ರ ನಿಘಂಟಿನ ಮರುಮುದ್ರಣದ ಸಂಪುಟವೊಂದಕ್ಕೆ ಮೊಬೈಲನ್ನು ಆನಿಸಿಟ್ಟು, ಮುಂಜಾನೆ ಪೂಜೆಯಾದ ಮೇಲೆ ಒಂದು ತಾಸು ಅಭ್ಯಾಸ. ಜರ್ಮನಿಯಿಂದ ಬಂದು ಕನ್ನಡ ಕಲಿತ ಆ ಮಹನೀಯರ ಬೆನ್ನಿಗೆ ಇಂಥ ಭಾರ ಹೊರಿಸಿದ್ದಕ್ಕೆ ಅವರು ಬೇಸರಪಡಲಾರರು. ಮೊದಲ ಮೂರು ತಿಂಗಳು ನಾನೂ ಹೆಡ್‌ಫೋನ್ ಹಾಕಿಕೊಂಡೇ ಕಲಿತೆ, ನೆರೆಹೊರೆಯವರ ಭಯಕ್ಕೆ. ಮನೆಯವರು ಅಡುಗೆಮನೆಯಿಂದ ಹೇಳುತ್ತಿದ್ದರು: "ಏನು ಕೇಳಸೂದುಲ್ಲ, ಬರೇ ಗೋದಿ ಹಸನ ಮಾಡಿದ ಸಪ್ಪಳ ಬರತೈತಿ."

ಮೊದಲ ಸಂಕಟ ಷಡ್ಜದ್ದು. ನಮ್ಮ ಸಂಗೀತದಲ್ಲಿ ತಂಬೂರಿಯೋ ಶ್ರುತಿಪೆಟ್ಟಿಗೆಯೋ ಷಡ್ಜವನ್ನು ಹಿಡಿದು ನಿಂತಿರುತ್ತದೆ. ಗಾಯಕ ಎಲ್ಲಿಗೆ ಹೋದರೂ ಮನೆ ಇದ್ದಲ್ಲಿಯೇ ಇರುತ್ತದೆ. ಇಲ್ಲಿ ಮನೆಯೇ ಎದ್ದು ನಡೆಯುತ್ತದೆ. ಬ್ಲೂಸ್ ಎಂಬುದು ಇವರ ಮೂಲ ಚೌಕಟ್ಟು. ನಾಲ್ಕು ಮಾತ್ರೆಗಳ ಹನ್ನೆರಡು ಖಂಡಗಳು, ಒಟ್ಟು ನಲವತ್ತೆಂಟು ಮಾತ್ರೆಗಳ ಒಂದು ಆವರ್ತನ. ಮೊದಲ ನಾಲ್ಕು ಖಂಡಗಳು ಷಡ್ಜದ ಮೇಲೆ, ಎರಡು ಮಧ್ಯಮದ ಮೇಲೆ, ಮತ್ತೆ ಎರಡು ಷಡ್ಜದ ಮೇಲೆ; ಆಮೇಲೆ ಪಂಚಮದ ಮೇಲೊಂದು, ಮಧ್ಯಮದ ಮೇಲೊಂದು, ಕೊನೆಯ ಎರಡರಲ್ಲಿ ಮರಳಿ ಷಡ್ಜಕ್ಕೆ. ಪ್ರತಿ ನೆಲೆಯ ಮೇಲೂ ಒಂದು ಸ್ವರವಲ್ಲ, ಸ್ವರಗಳ ಗುಂಪು ಕೂಡಿ ನುಡಿಯಬೇಕು. ಷಡ್ಜದ ಗುಂಪಿನಲ್ಲಿ ಶುದ್ಧ ಗಾಂಧಾರ, ಮಧ್ಯಮದ ಗುಂಪಿನಲ್ಲಿ ಕೋಮಲ ಗಾಂಧಾರ! ಜೋಗ್ ರಾಗದಲ್ಲಿ ಎರಡೂ ಗಾಂಧಾರಗಳುಂಟೆಂದು ಕೇಳಿ ಬಲ್ಲ ಕಿವಿಗೂ, ಕಾಲಡಿಯ ನೆಲ ಹೀಗೆ ಸರಿಯುವುದು ಒಗ್ಗಲು ತಿಂಗಳುಗಳು ಬೇಕಾದವು.

ಆದರೆ ಒಂದು ಮುಂಜಾನೆ ಆ ವೃದ್ಧರು ತೋರಿಸಿದ ಸಂಗತಿಯನ್ನು ಕಂಡು, ಪಾಣಿನಿಯ ಸೂತ್ರವೊಂದು ಬಿಚ್ಚಿಕೊಂಡಾಗಿನ ಹರ್ಷವೇ ನನಗಾಯಿತು. ಎಡಗೈಯ ಎರಡೇ ಬೆರಳು ಸಾಕು ಎಂದರು. ಬಿಳಿ ಒಂದನ್ನು ಷಡ್ಜ ಮಾಡಿಕೊಂಡು, ಶುದ್ಧ ಗಾಂಧಾರ ಮತ್ತು ಕೋಮಲ ನಿಷಾದ ಇವೆರಡನ್ನು ಒತ್ತಿದರೆ ಷಡ್ಜದ ಗುಂಪಿನ ಜೀವ ಬಂತು. ಷಡ್ಜವನ್ನು ನುಡಿಸುವುದೇ ಬೇಡ. ಈಗ ಎರಡೂ ಬೆರಳನ್ನು ಪಕ್ಕದ ಮನೆಗೆ, ಅರ್ಧ ಸ್ವರ ಕೆಳಕ್ಕೆ ಸರಿಸಿದರೆ ಕೋಮಲ ಗಾಂಧಾರ, ಶುದ್ಧ ಧೈವತ: ಅಲ್ಲಿಗೆ ನಾವು ಮಧ್ಯಮದ ನೆಲೆಗೆ ಬಂದೆವು. ಮೊದಲಿನ ಸ್ಥಾನದಿಂದ ಅರ್ಧ ಸ್ವರ ಮೇಲಕ್ಕೆ ಏರಿಸಿದರೆ ಮಧ್ಯಮ, ಶುದ್ಧ ನಿಷಾದ: ಪಂಚಮದ ನೆಲೆ. ಎಷ್ಟೋ ದೂರವೆಂದು ನಾನು ಹೆದರಿದ್ದ ಮೂರು ಊರುಗಳು ಹೊಸ್ತಿಲಿನ ಈಚೆ ಆಚೆ ಇದ್ದವು. ಆ ದಿನ ಹೆಡ್‌ಫೋನ್ ಕಿತ್ತಿಟ್ಟೆ. ಆಗಲೇ ನೆರೆಯವರಿಗೂ ಗೊತ್ತಾದದ್ದು.

ವಿಡಿಯೊ ಗುರುವಿನ ದೊಡ್ಡ ಗುಣ ಸಹನೆ. ನೂರು ಸಲ ಕೇಳಿದರೂ ನೂರು ಸಲ ಅದೇ ಮುಖದಿಂದ ಹೇಳುತ್ತಾರೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಅರ್ಧ ವೇಗದಲ್ಲಿಯೇ ನುಡಿಸುತ್ತಾರೆ. ದೊಡ್ಡ ದೋಷವೆಂದರೆ, ಅವರಿಗೆ ಶಿಷ್ಯನ ಧ್ವನಿ ಕೇಳಿಸುವುದಿಲ್ಲ. ಮಠದಲ್ಲಿ ನಾವು ಸಂತೆ ಹೇಳಿಸಿಕೊಳ್ಳುವಾಗ ಗುರುಗಳು ಒಮ್ಮೆ ಅಂದರೆ ನಾವು ಎರಡು ಸಲ ಅನ್ನಬೇಕು. ಆ ಎರಡು ಸಲ ಅವರ ಪಾಲಿಗೆ ಕೇಳುವ ಕೆಲಸ. ವಿದ್ಯೆ ಅರ್ಧ ಗುರುವಿನ ಬಾಯಲ್ಲಿ, ಅರ್ಧ ಗುರುವಿನ ಕಿವಿಯಲ್ಲಿ. ಇಲ್ಲಿ ನಾನು ತಪ್ಪಾಗಿ ನುಡಿಸಿದರೂ ಆ ವೃದ್ಧರು ಮುಗುಳ್ನಗುತ್ತ, ಬಹಳ ಚೆನ್ನಾಯಿತು, ಮುಂದಕ್ಕೆ ಹೋಗೋಣ ಎನ್ನುತ್ತಾರೆ. ಈ ಹೊಗಳಿಕೆಯಿಂದ ಎಷ್ಟೋ ಜನ ಕೆಟ್ಟಿರಬಹುದು. ನಾನೂ ಕೆಲವು ಕಾಲ ಕೆಟ್ಟೆ.

ಆದರೂ ಹೀಗೆ ಕಲಿತವರಲ್ಲಿ ನಾನೇ ಮೊದಲಿನವನಲ್ಲ ಎಂಬುದು ತಿಳಿದು ಸಮಾಧಾನವಾಯಿತು. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ತಾನಾಗಿ ನುಡಿಯುವ ಪಿಯಾನೊಗಳಿದ್ದವು. ವಾದಕರು ನುಡಿಸಿದ್ದನ್ನು ಕಾಗದದ ಸುರುಳಿಯ ಮೇಲೆ ರಂಧ್ರಗಳಾಗಿ ಕೊರೆದಿಡುತ್ತಿದ್ದರು. ಸುರುಳಿ ತಿರುಗಿದರೆ ಮನೆಗಳು ತಾವೇ ಕೆಳಗಿಳಿಯುತ್ತಿದ್ದವು. ಮುಂದೆ ಜಾಝ್ ಲೋಕದ ಮಹಾಪುರುಷರಲ್ಲೊಬ್ಬರಾದ ಡ್ಯೂಕ್ ಎಲಿಂಗ್ಟನ್ (1899–1974) ತಾರುಣ್ಯದಲ್ಲಿ, ಜೇಮ್ಸ್ ಪಿ. ಜಾನ್ಸನ್ ಎಂಬ ವಾದಕರ ಕೃತಿಯೊಂದರ ಸುರುಳಿಯನ್ನು ನಿಧಾನವಾಗಿ ತಿರುಗಿಸಿ, ಇಳಿದ ಮನೆಗಳ ಮೇಲೆ ತಮ್ಮ ಬೆರಳಿಟ್ಟು ಕಲಿತರು. ಕಿವಿಯಿಲ್ಲದ ಗುರು, ಅರ್ಧ ವೇಗ: ನನ್ನ ಪಾಠವೇ! ಈ ಎಲಿಂಗ್ಟನ್ನರು 1963ರಲ್ಲಿ ತಮ್ಮ ಮೇಳದೊಡನೆ ಭಾರತಕ್ಕೂ ಬಂದಿದ್ದರು. ಅವರ ಸಮಕಾಲೀನ ಆರ್ಟ್ ಟೇಟಮ್ (1909–1956) ಬಹುಪಾಲು ದೃಷ್ಟಿಯಿಲ್ಲದವರು. ಅವರ ಬೆರಳಿನ ಓಟವನ್ನು ಕಂಡು ಇತರ ವಾದಕರು ಬೆರಗಾಗುತ್ತಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೂ, ಪಂಚಾಕ್ಷರಿ ಗವಾಯಿಗಳನ್ನೂ, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜರನ್ನೂ ಬಲ್ಲ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ.

ಲಯದ ವಿಷಯದಲ್ಲಿ ನನ್ನ ಪಾಂಡಿತ್ಯವೇ ನನಗೆ ಮುಳುವಾಯಿತು. ಜಾಝ್‌ನಲ್ಲಿ ಒಂದು ಮಾತ್ರೆಯನ್ನು ಎರಡಾಗಿ ಒಡೆದರೆ ಎರಡು ಭಾಗಗಳು ಸಮವಲ್ಲ; ಮೊದಲನೆಯದು ದೀರ್ಘ, ಎರಡನೆಯದು ಹ್ರಸ್ವ. ಅದಕ್ಕೆ ಸ್ವಿಂಗ್ ಎನ್ನುತ್ತಾರೆ. ಇದನ್ನು ಕೇಳಿದ ಕೂಡಲೇ ನಾನು ನಕ್ಕೆ. ಗುರು-ಲಘು, ಗುರು-ಲಘು, ಮೂರು ಮಾತ್ರೆಯ ಗಣ, ಉತ್ಸಾಹ ರಗಳೆಯ ನಡೆ! ಛಂದಶ್ಶಾಸ್ತ್ರ ಹೇಳಿದವನಿಗೆ ಇದೇನು ಮಹಾ? ಪ್ರಸ್ತಾರ ಹಾಕಿಕೊಂಡು ಲೆಕ್ಕ ತಪ್ಪದೆ ನುಡಿಸಿದೆ. ತಿಂಗಳಾನಂತರ ಮೊಬೈಲಿನಲ್ಲಿ ನನ್ನ ವಾದನವನ್ನು ಮುದ್ರಿಸಿಕೊಂಡು ಕೇಳಿದೆ. ಒಂದನೆಯ ಇಯತ್ತೆಯ ಹುಡುಗ ಮಗ್ಗಿ ಒಪ್ಪಿಸಿದಂತೆ ಇತ್ತು. ನನ್ನ ಪ್ರವಚನಗಳ ಧ್ವನಿಮುದ್ರಣವನ್ನು ಕೇಳಿ ಒಳಗೊಳಗೇ ಮೆಚ್ಚಿಕೊಂಡವನು ನಾನು. ಇದನ್ನು ಪೂರ್ತಿ ಕೇಳಲಾರದೆ ನಿಲ್ಲಿಸಿದೆ. ಎಲ್ಲಿ ತಪ್ಪಿದೆಯೆಂಬುದೂ ಹೊಳೆಯಲಿಲ್ಲ. ಆ ದೀರ್ಘ ಹ್ರಸ್ವಗಳು ನಿಯತವಾದ ಎರಡಕ್ಕೊಂದರ ಲೆಕ್ಕವಲ್ಲ, ವೇಗ ಹೆಚ್ಚಿದಂತೆ ಸಮಕ್ಕೆ ಹತ್ತಿರವಾಗುತ್ತ ಹೋಗುತ್ತವೆ ಎಂದು ಆ ವೃದ್ಧರು ಮುಂದೊಂದು ಪಾಠದಲ್ಲಿ ಹೇಳಿದರು. ಹೇಳಿದ್ದು ತಿಳಿಯಿತು. ಬೆರಳಿಗೆ ಬರಲಿಲ್ಲ.

ಈ ನಡುವೆ ಹಿತೈಷಿಗಳೊಬ್ಬರು ಮನೆಗೆ ಬಂದು, ವಚನಗಾಯನ ಬಿಟ್ಟು ಪರಕೀಯರ ಕುಣಿತದ ಸಂಗೀತವೇಕೆ ಎಂದು ಕೇಳಿದರು. ನನ್ನ ಉತ್ತರ ಅಂದು ಸರಿಯಾಗಿ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ಈ ಸಂಗೀತ ಅರಮನೆಯಲ್ಲಿ ಹುಟ್ಟಿದುದಲ್ಲ. ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಸಂತತಿಯವರು ಅಮೆರಿಕದ ದಕ್ಷಿಣದ ಹತ್ತಿಯ ಹೊಲಗಳಲ್ಲಿ ದುಡಿಯುತ್ತ, ಒಬ್ಬ ಹೇಳಿದ್ದಕ್ಕೆ ಹಲವರು ಓಗೊಡುತ್ತ ಹಾಡಿದ ಹಾಡುಗಳು ಇದರ ಬೇರು. ಅಲ್ಲಿ ಗುಲಾಮಗಿರಿ ಕಾಯ್ದೆಯಿಂದ ಕೊನೆಗೊಂಡದ್ದು 1865ರಲ್ಲಿ. ಮೂರು ನಾಲ್ಕು ದಶಕಗಳಲ್ಲಿ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜಾಝ್ ರೂಪುಗೊಂಡಿತು. ಕಣದಲ್ಲಿ ಹಂತಿ ಹೂಡಿ ರಾತ್ರಿಯಿಡೀ ಹಂತಿಯ ಪದ ಹಾಡಿದ ಹಿರಿಯರನ್ನು ಕಂಡವರಿಗೆ, ಮುಮ್ಮೇಳ ಹಿಮ್ಮೇಳದ ಈ ಒಗ್ಗಟ್ಟು ಪರಕೀಯವೆನಿಸಲಾರದು. ಹತ್ತಿಯ ಮಾತು ಬಂದುದರಿಂದ ಒಂದು ಉಪಕಥೆ: 1840ರ ದಶಕದಲ್ಲಿ ಕಂಪನಿ ಸರಕಾರ ನಮ್ಮ ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಬಿತ್ತಿಸಿ, ಮುಂದೆ 'ಧಾರವಾಡ-ಅಮೆರಿಕನ್' ಎಂದು ಹೆಸರಾದ ಹತ್ತಿಯ ಬೀಜ ಆ ನ್ಯೂ ಆರ್ಲಿಯನ್ಸ್ ತಳಿಯದೇ. ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತಾಗ ನಮ್ಮ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. ಬೀಜ ಬಂದಾಗ ಯಾರೂ ಪರಕೀಯವೆನ್ನಲಿಲ್ಲ. ಇನ್ನು ಸಂಗೀತದ ಬೆಸುಗೆಯೂ ಹೊಸದೇನಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಚಾರ್ಲಿ ಮೇರಿಯಾನೊ ಎಂಬ ಜಾಝ್ ವಾದಕರೊಡನೆ ಕೂಡಿ 1983ರಷ್ಟು ಹಿಂದೆಯೇ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿದ್ದಾರೆ.

ಆ ಜನರ ಗಾಯನದಲ್ಲಿ ಕೋಮಲಕ್ಕೂ ಶುದ್ಧಕ್ಕೂ ನಡುವೆ ನಿಲ್ಲುವ ಒಂದು ಗಾಂಧಾರವಿದೆ. ನೋವಿನ ಸ್ವರ ಅದು. ಕಂಠಕ್ಕೆ ಅದು ಸಾಧ್ಯ, ಪಿಯಾನೊದಲ್ಲಿ ಅದಕ್ಕೆ ಮನೆಯೇ ಇಲ್ಲ. ನಮ್ಮಲ್ಲಿಯೂ ಇದೇ ತಕರಾರು ಇತ್ತು. 1840ರಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ದೆಬೆಯ್ನ್ ಹಕ್ಕು ಪಡೆದ ಹಾರ್ಮೋನಿಯಂ ನಮ್ಮ ನಾಟಕ ಕಂಪನಿ, ಭಜನೆಯ ಮನೆಗಳನ್ನೆಲ್ಲ ಹೊಕ್ಕಿತಾದರೂ, ಅದರಲ್ಲಿ ಮೀಂಡ್ ಇಲ್ಲ, ಶ್ರುತಿಸೂಕ್ಷ್ಮವಿಲ್ಲವೆಂದು ಆಕಾಶವಾಣಿ 1940ರಿಂದ ಮೂರು ದಶಕಗಳ ಕಾಲ ಅದನ್ನು ಹೊರಗಿಟ್ಟಿತು. ಬೆಳಗಾವಿಯ ರಾಮಭಾವು ಬಿಜಾಪುರೆಯವರಂಥವರು (1917–2010) ಅದೇ ಪೆಟ್ಟಿಗೆಯನ್ನು ಹಾಡಿಸಿ ತೋರಿಸಿದರು. ಜಾಝ್ ಪಿಯಾನೊದವರು ಕಂಡುಕೊಂಡ ದಾರಿ ಇನ್ನೊಂದು: ಕೋಮಲ ಗಾಂಧಾರದ ಕರಿ ಮನೆಯನ್ನು ಒತ್ತಿದ ಬೆರಳನ್ನೇ ಪಕ್ಕದ ಬಿಳಿ ಮನೆಗೆ ಜಾರಿಸುತ್ತಾರೆ, ಇಲ್ಲವೆ ಎರಡನ್ನೂ ಒಟ್ಟಿಗೆ ಅರೆಯುತ್ತಾರೆ. ಇಲ್ಲದ ಸ್ವರ ಎರಡರ ತಿಕ್ಕಾಟದಲ್ಲಿ ಕೇಳಿಸುತ್ತದೆ. ಈ ಜಾರು ನನಗೆ ಬೇಗ ಬಂತು. ಯಾಕೋ ತಿಳಿಯದು, ಮುದಿಬೆರಳು ಜಾರುವುದು ಸಹಜವೆಂದು ಮನೆಯವರ ಮತ.

2025ರ ಬಸವ ಜಯಂತಿಗೆ ಮಗ ಊರಿಗೆ ಬಂದ. ಮೆರವಣಿಗೆ, ಪ್ರಸಾದ ಎಲ್ಲ ಮುಗಿದು ರಾತ್ರಿ ಪಡಸಾಲೆಯಲ್ಲಿ ಕುಳಿತಾಗ, ಕಿಟ್ಟೆಲರ ಪಕ್ಕದಲ್ಲಿದ್ದ ನನ್ನ ಟಿಪ್ಪಣಿ ಪುಸ್ತಕ ಅವನ ಕೈಗೆ ಸಿಕ್ಕಿತು. ಹನ್ನೆರಡು ಖಂಡಗಳನ್ನು ಕನ್ನಡದ ಸರಿಗಮದಲ್ಲಿ ಬರೆದು, ಮೇಲೆ ಗುರು-ಲಘುಗಳ ಚಿಹ್ನೆ ಹಾಕಿದ್ದೆ. ಬಹಳ ಹೊತ್ತು ನೋಡಿದ. ಆಮೇಲೆ ವಾದ್ಯಕ್ಕೆ ಸಿಕ್ಕಿಸಿದ್ದ ಹೆಡ್‌ಫೋನಿನ ತಂತಿಯನ್ನು ಕಿತ್ತು, "ನುಡಸ್ರಿ ಅಪ್ಪಾ" ಎಂದ.

ಸಾವಿರ ಜನರ ಸಭೆಯಲ್ಲಿ ನಡುಗದ ಕೈ ನಡುಗಿತು. ಎರಡು ಆವರ್ತನ ನುಡಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ, ನಮ್ಮ ಗವಾಯಿಗಳು ಕೇಳುತ್ತಿದ್ದಂತೆಯೇ. ಹೊಗಳಲಿಲ್ಲ. "ಎಣಸ್ತೀರಿ ಅಪ್ಪಾ ನೀವು. ಎಣಸಬ್ಯಾಡ್ರಿ. ಎರಡನೇದು ಸ್ವಲ್ಪ ತಡಾ ಮಾಡ್ರಿ, ಹೊಲದಿಂದ ಮನಿಗೆ ಬರೂವಾಗ ನಡೀತೀವಲ್ಲ, ಹಂಗ" ಎಂದ. ನನ್ನ ಮಣಿಕಟ್ಟು ಹಿಡಿದು, ತೊಡೆಯ ಮೇಲೆ ತಟ್ಟಿ ತೋರಿಸಿದ. ಹತ್ತಾರು ಸಲ ತಪ್ಪಿತು. ಹತ್ತಾರು ಸಲ ಅವನು ಅಲ್ಲಿಯೇ ನಿಲ್ಲಿಸಿದ. ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ ಯಾರೋ ನನ್ನನ್ನು ನಿಲ್ಲಿಸಿದ್ದರು.

ಆಮೇಲೆ ನನ್ನ ಬಲಕ್ಕೆ ಮಂಚದ ಮೇಲೆ ಕುಳಿತು, ಎಡಗೈ ನನ್ನದು, ಬಲಗೈ ತನ್ನದು ಎಂದ. ನಾನು ಎರಡು ಬೆರಳಿನಿಂದ ಮೂರು ಊರುಗಳ ನಡುವೆ ಓಡಾಡುತ್ತಿದ್ದೆ. ಮೇಲಿನ ಸಪ್ತಕದಲ್ಲಿ ಅವನು ನುಡಿಸುತ್ತಿದ್ದ. ಅಂದು ದೀಪಾವಳಿಯಲ್ಲಿ ನನಗೆ ಕೇಳಿಸದಿದ್ದುದು ಇದು. ಪೂರ್ತಿ ತಿಳಿಯಿತೆಂದು ಹೇಳಲಾರೆ, ಆದರೆ ಅವನು ಎಲ್ಲಿಂದ ಹೊರಟು ಎಲ್ಲಿಗೆ ಮರಳುತ್ತಾನೆಂಬುದು ತಿಳಿಯುತ್ತಿತ್ತು. ನಾಲ್ಕನೆಯ ಆವರ್ತನದಲ್ಲಿ, ಇಷ್ಟು ದಿನ ಹೇಳಬೇಕೆಂದು ಸಿದ್ಧಮಾಡಿಟ್ಟುಕೊಂಡಿದ್ದ ಮಾತನ್ನು ತೆಗೆದೆ. "ತಮ್ಮಾ, ಅವತ್ತ ಆ ಪೆಟ್ಟಿಗಿ..." ಎಂದೆ. ಮಾತಿನ ಕಡೆ ಮನಸ್ಸು ಹೋಗಿ ಬೆರಳು ನಿಂತವು.

ಅವನು ನನ್ನ ಕಡೆ ನೋಡಲಿಲ್ಲ. "ಎಡಗೈ ಬಿಡಬ್ಯಾಡ್ರಿ ಅಪ್ಪಾ" ಎಂದ. ನಾನು ಮತ್ತೆ ಹಿಡಿದೆ. ಮನೆಯವರು ಬಾಗಿಲಿಗೆ ಬಂದು ನಿಂತದ್ದು ಕಾಣಿಸಿತು. ಕರೆಂಟು ಹೋಗುವವರೆಗೆ ನುಡಿಸಿದೆವು.

ಈಗ ಪ್ರತಿ ರವಿವಾರ ನನ್ನ ವಾದನವನ್ನು ಮುದ್ರಿಸಿ ವಾಟ್ಸ್‌ಆ್ಯಪಿನಲ್ಲಿ ಕಳಿಸಬೇಕೆಂದು ಅಪ್ಪಣೆಯಾಗಿದೆ. ಉತ್ತರ ಸಾಮಾನ್ಯವಾಗಿ ಸೋಮವಾರ ರಾತ್ರಿ ಬರುತ್ತದೆ. ಒಂದೆರಡು ಮಾತು, ಅದೂ ದೋಷದ ಬಗೆಗೆ. ಬಿಳಿ ಒಂದನ್ನು ಬಿಟ್ಟು ಬಿಳಿ ನಾಲ್ಕನ್ನು ಷಡ್ಜ ಮಾಡಿಕೊಂಡು ಅದೇ ಹನ್ನೆರಡು ಖಂಡಗಳನ್ನು ನುಡಿಸಬೇಕೆಂಬುದು ಈಗಿನ ಪಾಠ. ಅಲ್ಲಿ ಕರಿ ಮನೆಗಳು ಹೆಚ್ಚು. ಮೂರು ವಾರವಾಯಿತು, ಇನ್ನೂ ಬಂದಿಲ್ಲ.